ತೂಕಕ್ಕೆ ಕಡಿದ ಕಾದಂಬರಿ

ಧರಣೇಂದ್ರ ಸಾಹುಕಾರರ ತಂಬಾಕಿನ ವಖಾರಿಯ ಮಾಳಿಗೆಯ ಮೇಲೆ ನಮ್ಮ ವಾಚನಾಲಯವಿತ್ತು. ಕೆಳಗೆ ಹೆಣ್ಣಾಳುಗಳು ತಂಬಾಕು ಜರಡಿ ಹಿಡಿಯುವಾಗ ಎದ್ದ ಧೂಳು ಹಲಗೆಗಳ ಸಂದಿಯಿಂದ ಮೇಲೆ ಬಂದು ಪುಸ್ತಕಗಳ ಹೊಟ್ಟೆಯಲ್ಲಿ ಕೂರುತ್ತಿತ್ತು. ನಿಪ್ಪಾಣಿಯಲ್ಲಿ ಕನ್ನಡ ಪುಸ್ತಕ ಓದುವವರು ಕಡಿಮೆ. ಓದುವವರೆಲ್ಲ ಪುಟ ತೆರೆದ ಕೂಡಲೇ ಒಮ್ಮೆ ಸೀನುತ್ತಿದ್ದರು. ನಾನು ಚಿಕ್ಕೋಡಿಯಲ್ಲಿ ಬಿ.ಎ. ಮುಗಿಸಿ, ಕಾಗವಾಡದ ಮನೆಗೆ ಹೋಗಿ ಏನು ಮಾಡುವುದೆಂದು ತಿಳಿಯದೆ, ಆ ಮಾಳಿಗೆಯಲ್ಲಿ ಪುಸ್ತಕ ಕೊಡುವ, ಮರಳಿ ಪಡೆಯುವ ಕೆಲಸಕ್ಕೆ ಕುಳಿತಿದ್ದೆ. ಮಾತು ಕಡಿಮೆಯಿದ್ದ ಕೆಲಸ. ಅದಕ್ಕೇ ಹಿಡಿಸಿತ್ತು.

‘ಮಡುವಿನ ವಾಡೆ’ ಬಂದದ್ದು ಎಂಬತ್ತೆಂಟನೆಯ ಇಸವಿಯ ದೀಪಾವಳಿ ಕಳೆದ ಮೇಲೆ. ಸಾಹುಕಾರರು ಬೆಳಗಾವಿಯಿಂದ ತಂದಿದ್ದರು. ಸಾವಿರ ಪುಟ ಮುಟ್ಟುವಂಥ ದೆವ್ವದ ಕಾದಂಬರಿ. ಬರೆದವರ ಹೆಸರು ನಾವ್ಯಾರೂ ಕೇಳಿರಲಿಲ್ಲ. ಸಾಹುಕಾರರು ಅದನ್ನು ಅಂಗೈಯಲ್ಲಿಟ್ಟು ಎತ್ತಿ ಇಳಿಸಿ ನೋಡಿದರು.

“ಒಬ್ಬರ ಮನ್ಯಾಗ ಹೋಗಿ ಕುಂತ್ರ ಇದು ಮಳಿಗಾಲದ ತನಕ ಹೊರಗ ಬರಂಗಿಲ್ಲ. ನಾಕು ತುಂಡು ಮಾಡಿ ಬೈಂಡ್ ಹಾಕ್ರಿ. ಏ ದಾದಾಸಾಹೇಬ, ನಾಕೂ ಬರೋಬರ್ ಆಗಬೇಕು ನೋಡ.”

ದಾದಾಸಾಹೇಬರು ಸಾಹುಕಾರರ ಚಿಕ್ಕಪ್ಪನ ಮಗ. ವಖಾರಿಯ ತಕ್ಕಡಿ ಅವರ ಕೈಯಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ಅಧ್ಯಾಯ ನೋಡಿಕೊಂಡು ಕಡಿಯುತ್ತಿದ್ದರು. ದಾದಾಸಾಹೇಬರು ರಟ್ಟು ಕಿತ್ತು, ಹೊಲಿಗೆ ಬಿಚ್ಚಿ, ಹಾಳೆಗಳನ್ನು ಮಾದರಿ ತಂಬಾಕು ತೂಗುವ ಸಣ್ಣ ತಕ್ಕಡಿಯಲ್ಲಿಟ್ಟರು. ಮುಳ್ಳು ನಡುವೆ ನಿಲ್ಲುವ ತನಕ ಹಾಳೆಗಳನ್ನು ಈ ಪರಡಿಯಿಂದ ಆ ಪರಡಿಗೆ ದಾಟಿಸಿದರು. ನಾಲ್ಕೂ ಭಾಗ ಒಂದೇ ತೂಕ ಬಂದವು. ಅಧ್ಯಾಯಗಳು ಎಲ್ಲಿ ಬೇಕೆಂದರಲ್ಲಿ ತುಂಡಾಗಿದ್ದವು. ಆ ಕೆಲಸ ಮಾಡುವಾಗ ಅವರು ಒಂದು ಸಾಲನ್ನೂ ಓದಲಿಲ್ಲ, ಒಂದು ಮಾತನ್ನೂ ಆಡಲಿಲ್ಲ.

ತೂಕ ಕೂಗುವುದೊಂದನ್ನುಳಿದು ಅವರು ಮಾತು ಬಿಟ್ಟದ್ದು ಆ ವರ್ಷದ ಶ್ರಾವಣದಲ್ಲಿ. ಒಬ್ಬನೇ ಮಗ ಸನ್ಮತಿ, ಹದಿಮೂರರ ಹುಡುಗ, ಅಥಣಿ ಕಡೆಯ ಸತ್ತಿ ಎಂಬ ಊರಲ್ಲಿದ್ದ ಸೋದರಮಾವನ ಮನೆಗೆ ಹಬ್ಬಕ್ಕೆಂದು ಹೋದವನು ಹುಡುಗರ ಜೊತೆ ಕೃಷ್ಣೆಯ ಮಹಾಪೂರ ನೋಡಲು ಹೋಗಿದ್ದ. ಕಾಲ ಕೆಳಗಿನ ದಂಡೆ ಕುಸಿಯಿತು. ಉಳಿದವರನ್ನು ಎಳೆದುಕೊಂಡರು. ಅವನ ಹೆಣವೂ ಸಿಗಲಿಲ್ಲ.

*

ಕಾದಂಬರಿಯೊಳಗೂ ಒಂದು ಹೊಳೆ, ದಂಡೆಯ ಮೇಲೆ ದೇಸಾಯರ ಒಂದು ದೇಸಗತ್ತಿ ವಾಡೆ, ಮಡುವಿನಲ್ಲಿ ಮುಳುಗಿದ ಒಬ್ಬ ಹುಡುಗ. ಮೊದಲ ಭಾಗದಲ್ಲಿ ಬರೀ ಅಂಗಳದ ಒದ್ದೆ ಹೆಜ್ಜೆಗಳು. ಎರಡನೆಯದರಲ್ಲಿ ವಾಡೆಯ ಏಳು ತಲೆಮಾರಿನ ಕತೆ. ಮೂರನೆಯದರಲ್ಲಿ ಹುಡುಗ ದಿನಕ್ಕೊಂದು ಬಾಗಿಲು ದಾಟಿ ಒಳಗೆ ಬರುತ್ತಾನೆ. ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ, ಅಡುಗೆಮನೆಯ ಹೊಸ್ತಿಲಲ್ಲಿ ನೀರು ಸುರಿಸುತ್ತ ನಿಂತು, “ಅವ್ವಾ, ಹಸಿವಾಗೈತಿ” ಅನ್ನುತ್ತಾನೆ. ತಕ್ಕಡಿಯ ಮುಳ್ಳು ನಿಂತದ್ದು ಅಲ್ಲಿ. ಮೂರನೆಯ ಭಾಗ ಆ ಸಾಲಿಗೆ ಮುಗಿದು ಕೆಂಪು ರಟ್ಟು ಬರುತ್ತಿತ್ತು. ನಾಲ್ಕನೆಯದು ಯಾರ ಮನೆಯಲ್ಲಿದೆಯೋ ಅವರು ಓದಿ ಮುಗಿಸುವ ತನಕ ಉಳಿದವರು ಆ ಹುಡುಗನನ್ನು ಹಾಗೇ ಹೊಸ್ತಿಲಲ್ಲಿ ನಿಲ್ಲಿಸಿಕೊಂಡು ಇರಬೇಕಾಗಿತ್ತು.

ಸಂಕ್ರಾಂತಿಯ ಹೊತ್ತಿಗೆ ಓದುಗರಲ್ಲಿ ಪಕ್ಷಗಳಾಗಿದ್ದವು. ಒಂದು ಪಕ್ಷಕ್ಕೆ ವಿಠೋಬಾ ಮಾಸ್ತರರು ಹಿರಿಯರು. ಸಾಲೆಯಿಂದ ನಿವೃತ್ತರಾದವರು. ಮನೆಯಲ್ಲಿ ಮರಾಠಿ, ಹಟಕ್ಕೆ ಬಿದ್ದು ಓದುವುದು ಕನ್ನಡ. ಇನ್ನೊಂದು ಪಕ್ಷ ಅಕ್ಕುತಾಯಿಯದು. ಆಕೆ ಬೀಡಿ ಕಟ್ಟುವ ಶೆಡ್ಡಿನಲ್ಲಿ ಪುಸ್ತಕ ಓದಿ ಹೇಳುವವಳು. ಅವಳು ಓದುತ್ತಿದ್ದರೆ ಉಳಿದ ಹೆಂಗಸರು ತಮ್ಮ ತಮ್ಮ ಮೊರದಿಂದ ಒಂದೊಂದು ಹಿಡಿ ಬೀಡಿ ಅವಳ ಮೊರಕ್ಕೆ ಹಾಕುತ್ತಿದ್ದರು. ಹಾಗಾಗಿ ಓದಿದ ದಿನವೂ ಅವಳ ಲೆಕ್ಕ ತುಂಬುತ್ತಿತ್ತು.

“ಎರಡನೇ ಭಾಗ ಪೂರಾ ಒಗೀಬೇಕು ತಮ್ಮಾ,” ಅನ್ನುವರು ಮಾಸ್ತರರು. “ಏಳು ತಲಿಮಾರು ಯಾರಿಗಿ ಬೇಕಾಗೈತಿ? ಉಗೀಚ ಉದ್ದ ಎಳದಾನ. ದೆವ್ವ ಬರಾಕ ಇಷ್ಟು ತಡಾ ಮಾಡಿದ್ರ ನಾ ಮಕ್ಕೊಂಡ ಬಿಡ್ತೀನಿ.”

“ನಿಮಗ ಮಕ್ಕೊಳ್ಳಾಕ ದೆವ್ವ ಯಾಕ ಬೇಕ್ರಿ ಮಾಸ್ತರ? ಸಾಲ್ಯಾಗ ಕುರ್ಚಿ ಮ್ಯಾಲನ ಮಕ್ಕೊಂತಿದ್ರಂತ. ನಮ್ಮ ಹುಡುಗ ಬಾಳು ಹೇಳ್ತಿದ್ದ,” ಅನ್ನುವಳು ಅಕ್ಕುತಾಯಿ. “ಉದ್ದ ಇರಬೇಕ್ರಿ. ನಾವು ಎಲಿ ಕತ್ತರಿಸ್ಕೊಂತ ಕೇಳವ್ರು. ಲಗು ಮುಗದ್ರ ಮತ್ತೇನ ಕೇಳೂದು, ಮುಕಾದಮನ ಬೈಗಳಾ?”

ಉದ್ದದ ಜಗಳ ನಗುವಿನಲ್ಲಿ ಮುಗಿಯುತ್ತಿತ್ತು. ಇನ್ನೊಂದು ಜಗಳ ಹಾಗೆ ಮುಗಿಯುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತವನು ಮಗನೋ, ಮಗನ ರೂಪ ತೊಟ್ಟುಕೊಂಡ ಬೇರೆ ಏನೋ? ಬೆಂಕಿ ಕಾಣದ ಹೆಣ, ಕಾಗೆ ಮುಟ್ಟದ ಪಿಂಡ, ಅಂಥ ಜೀವದ ವೇಷ ಹಾಕಿಕೊಂಡು ಮಡುವಿನಲ್ಲಿದ್ದದ್ದು ಬರುತ್ತದೆ ಎಂದು ಮಾಸ್ತರರು. ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ತಮ್ಮ ಮನೆಯಲ್ಲಿ ದೇವರೂ ಇಲ್ಲ ದೆವ್ವವೂ ಇಲ್ಲ, ಆದರೆ ಆ ಹುಡುಗ ಮಾತ್ರ ಮಗನೇ ಎಂದು ಅಕ್ಕುತಾಯಿ. ಸಾಹುಕಾರರು ಪುಸ್ತಕ ಓದಿರಲಿಲ್ಲ. ಬಸದಿಯಲ್ಲಿ ಹೆಣ್ಣುಮಕ್ಕಳು ಆಡಿಕೊಂಡದ್ದನ್ನು ಕೇಳಿ ಬಂದು ಒಂದು ದಿನ ಮಾಳಿಗೆ ಹತ್ತಿದರು.

“ಎಲ್ಲಾ ಸುಳ್ಳು ಅದು. ಜೀವ ಒಂದು ದೇಹ ಬಿಟ್ಟ ಕ್ಷಣದಾಗ ಇನ್ನೊಂದು ದೇಹಕ್ಕ ಹೋಗಿರತೈತಿ. ಹೊಸ್ತಿಲದಾಗ ನಿಂದ್ರಾಕ ಅದಕ್ಕ ಎಲ್ಲಿ ಪುರಸೊತ್ತು? ನಮ್ಮ ಮಂದಿಗೆ ಆ ಪುಸ್ತಕ ಕೊಡಬ್ಯಾಡ ತಮ್ಮಾ.”

ನಾನು ಕೆಳಗೆ ನೋಡಿದೆ. ಹಲಗೆಯ ಸಂದಿಯಲ್ಲಿ ದಾದಾಸಾಹೇಬರ ಟೋಪಿ ಕಾಣುತ್ತಿತ್ತು. ಅವರ ಕೈ ತಕ್ಕಡಿಯ ಸರಪಳಿಯ ಮೇಲೆ ನಿಂತುಬಿಟ್ಟಿತ್ತು. ಧರ್ಮದ ಮಾತು ನಿಜವೇ ಇದ್ದೀತು. ಹಾಗಾದರೆ ಸನ್ಮತಿ ಶ್ರಾವಣದಲ್ಲೇ ಎಲ್ಲೋ ಬೇರೆ ಹೆಂಗಸಿನ ಹೊಟ್ಟೆ ಸೇರಿದ್ದ. ಅವನಿಗೆ ಇವರ ನೆನಪಿನ ಎಳೆಯೂ ಇರಲಾರದು. ಸತ್ತವನು ದೆವ್ವವಾಗಿಯಾದರೂ ಇರಲಿ ಎಂದು ಆಸೆಪಡಲು ಆ ಮಾತು ಜಾಗವನ್ನೇ ಬಿಟ್ಟಿರಲಿಲ್ಲ.

*

ಸಾಹುಕಾರರು ಹಾಗೆ ಹೇಳುವ ಹೊತ್ತಿಗೆ ತಡವಾಗಿತ್ತು. ಮಾರ್ಗಶಿರದ ಒಂದು ಮಧ್ಯಾಹ್ನ ದಾದಾಸಾಹೇಬರ ಹೆಂಡತಿ ರಾಜಮತಿ ಅಕ್ಕ ಒಬ್ಬರೇ ಮೆಟ್ಟಿಲು ಹತ್ತಿ ಬಂದಿದ್ದರು. ಮೊದಲು ವಾರಕ್ಕೊಂದು ಪುಸ್ತಕ ಒಯ್ಯುತ್ತಿದ್ದವರು, ಶ್ರಾವಣದಿಂದ ಇತ್ತ ಬಂದಿರಲಿಲ್ಲ. ಯಾರೊಂದಿಗೂ ಮಾತಾಡಿರಲಿಲ್ಲ ಎಂದು ಓಣಿಯವರು ಹೇಳುತ್ತಿದ್ದರು. ಕಪಾಟಿನ ಮುಂದೆ ಬಹಳ ಹೊತ್ತು ನಿಂತರು.

“ದೊಡ್ಡದು ಕೊಡು ತಮ್ಮಾ. ಲಗು ಮುಗೀಬಾರದು.”

ಅದಕ್ಕಿಂತ ದೊಡ್ಡದು ನಮ್ಮಲ್ಲಿರಲಿಲ್ಲ. ಇಂಥ ಕತೆಯನ್ನು ಇವರಿಗೆ ಕೊಡುವುದು ಹೇಗೆಂದು ನಾನು ತಡವರಿಸುತ್ತಿದ್ದಾಗ ಅವರೇ ಮೇಜಿನ ಮೇಲಿದ್ದ ಮೊದಲ ಭಾಗವನ್ನು ಎತ್ತಿಕೊಂಡರು. ಒಂದೇ ವಾರಕ್ಕೆ ಬಂದು ಎರಡನೆಯದು ಒಯ್ದರು. ಆ ಏಳು ತಲೆಮಾರನ್ನು ಬೇಸರವಿಲ್ಲದೆ ಓದಿದವರು ಊರಲ್ಲಿ ಅವರೊಬ್ಬರೇ ಇರಬೇಕು. ಮೂರನೆಯದನ್ನು ಬಹಳ ದಿನ ಇಟ್ಟುಕೊಂಡರು. ಅದನ್ನು ಮರಳಿಸಿ ನಾಲ್ಕನೆಯದು ಕೇಳಿದಾಗ ಅದು ವಿಠೋಬಾ ಮಾಸ್ತರರ ಮನೆಯಲ್ಲಿತ್ತು. ಅಲ್ಲಿಂದ ಅಕ್ಕುತಾಯಿಯ ಶೆಡ್ಡಿಗೆ ಹೋಗುವುದಿತ್ತು.

“ಅಲ್ಲೀತನಕ?” ಅಂದರು ಅವರು. ನಾನು ಪಟ್ಟಿಯಲ್ಲಿ ಅವರ ಹೆಸರು ಬರೆದುಕೊಂಡೆ. ಅವರು ಇಳಿದು ಹೋದರು.

ನಾನು ಬಾಡಿಗೆಗಿದ್ದ ಕೋಣೆ ಅವರ ಓಣಿಯಲ್ಲೇ ಇತ್ತು. ಸಂಜೆ ವಾಚನಾಲಯ ಮುಚ್ಚಿ ಬರುವಾಗ ಅವರ ಮನೆಯನ್ನು ದಾಟಬೇಕು. ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿದು, ಒಲೆ ಆರಿ, ಅಡುಗೆಮನೆ ತೊಳೆದಾಗಿರುತ್ತದೆ. ಸನ್ಮತಿ ಇದ್ದಾಗ ಓಣಿಗೆಲ್ಲ ಅದೊಂದು ಗಡಿಯಾರ. ಎಂಥ ಆಟವಿರಲಿ, ಬಿಸಿಲು ವಖಾರಿಯ ತಗಡು ಬಿಟ್ಟಿತೆಂದರೆ ಬ್ಯಾಟು ಎಸೆದು ಮನೆಗೆ ಓಡುತ್ತಿದ್ದ. ಒಮ್ಮೆ ವಿಠೋಬಾ ಮಾಸ್ತರರ ಮನೆಯಲ್ಲಿ ಗಣಿತ ಮುಗಿಯದೆ ಕತ್ತಲಾಗಿತ್ತು. ಮಾಸ್ತರರ ಹೆಂಡತಿ ಚುರಮುರಿ ಕೊಟ್ಟರೆ ಮುಟ್ಟಲಿಲ್ಲ. ಮನೆಗೆ ಬಂದು ಹಾಲೂ ಕುಡಿಯದೆ ಹಸಿದು ಮಲಗಿದ. ಯಾರೂ ಅವನಿಗೆ ಹೇಳಿಕೊಟ್ಟ ಹಟವಲ್ಲ. ಅವನಾಗಿ ಹಿಡಿದದ್ದು.

ಮೂರನೆಯ ಭಾಗ ಮರಳಿಸಿದ ಮರುದಿನ ಸಂಜೆ ನಾನು ಓಣಿಗೆ ತಿರುಗಿದಾಗ ರಾಜಮತಿ ಅಕ್ಕ ಹೊಸ್ತಿಲ ಮೇಲೆ ಕುಳಿತಿದ್ದರು. ಮುಂದೆ ತಾಟು. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಬೆಲ್ಲದ ಚೂರು. ಎದುರು ಗೋಡೆಯ ಮೇಲಿನ ಬಿಸಿಲನ್ನು ನೋಡುತ್ತಿದ್ದರು. ಬಿಸಿಲು ಮೇಲಕ್ಕೆ ಸರಿದು ಹಂಚಿನಂಚಿಗೆ ಬಂತು, ಹೋಯಿತು. ಅವರು ತಾಟು ಎತ್ತಿಕೊಂಡು ರಸ್ತೆಯ ಕಡೆ ಮಾತಾಡಿದರು. ವಾಚನಾಲಯದಲ್ಲಿ ಒಂದೆರಡು ಮಾತಿಗೆ ನಿಂತುಬಿಡುತ್ತಿದ್ದ ದನಿ ಇದೇ ಎಂದು ನನಗೆ ಮೊದಲು ಗುರುತೇ ಹತ್ತಲಿಲ್ಲ.

“ಇವತ್ತೂ ಹೊತ್ತ ಮಾಡಿದಿ ನೋಡ. ಇನ್ನ ಬಂದ್ರೂ ಉಣ್ಣಾಂವ ಅಲ್ಲ ನೀ. ನಾಳಿ ಮುಂಜಾನಿನ ಬಿಡು. ಅಥಣಿ ಗಾಡಿ ತಪ್ಪಿದ್ರ ರಾಯಬಾಗದ್ದು ಹಿಡಿ. ಚಿಕ್ಕೋಡ್ಯಾಗ ಇಳದು ಬದಲಿಸು, ನಿದ್ದಿ ಹತ್ತಿ ಮುಂದ ಹೋದಿ ಮತ್ತ.”

ಸತ್ತಿಯಿಂದ ನಿಪ್ಪಾಣಿಗೆ ಅವನು ರಜೆ ಮುಗಿಸಿ ಬರುತ್ತಿದ್ದ ದಾರಿ ಅದು. ನಾನು ಗೋಡೆಗೆ ಒತ್ತಿ ನಡೆದು ನನ್ನ ಕೋಣೆ ಸೇರಿದೆ. ಮರುದಿನ ಸಂಜೆಯೂ ತಾಟು ಇತ್ತು. ಅದರ ಮರುದಿನವೂ. ಓಣಿಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಆ ಹೊತ್ತಿಗೆ ಮಕ್ಕಳನ್ನು ಮಾತ್ರ ಒಳಗೆ ಕರೆದುಕೊಳ್ಳುತ್ತಿದ್ದರು.

*

ಒಂದು ಮಧ್ಯಾಹ್ನ ದಾದಾಸಾಹೇಬರು ಮಾಳಿಗೆಗೆ ಬಂದರು. ಹುಬ್ಬು, ರೆಪ್ಪೆ ಎಲ್ಲ ತಂಬಾಕಿನ ಪುಡಿಯಿಂದ ಕಂದಾಗಿದ್ದವು. ಅವರು ಪುಸ್ತಕ ಓದುವವರಲ್ಲ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಿಟಕಿಯ ಹತ್ತಿರ ನಿಂತರು.

“ನಾಕನೇದು ಬಂತೇನು?”

“ಇನ್ನೂ ಅಕ್ಕುತಾಯಿ ಕಡೆ ಐತ್ರಿ ಮಾಮಾ. ಎರಡ್ಮೂರು ದಿನದಾಗ ಕೊಡ್ತಾರ.”

“ಬಂದ್ರ ನಮ್ಮನಿಯಾಕಿಗೆ ಕೊಡಬ್ಯಾಡ.”

“ಸಾಹುಕಾರ್ರೂ ಅದನ್ನ ಹೇಳ್ಯಾರ್ರಿ.”

“ಅಂವ ಹೇಳೂದು ಬ್ಯಾರೆ.” ಅವರು ಹೊರಗೆ ನೋಡುತ್ತ ನಿಂತರು. ಕೆಳಗೆ ಜರಡಿಯ ಸದ್ದು ಬರುತ್ತಿತ್ತು. “ಶ್ರಾವಣದಿಂದ ಮನ್ಯಾಗ ಮಾತ ಇದ್ದಿಲ್ಲ ತಮ್ಮಾ. ಈಗ ಸಂಜಿಕ ಮಾತಾಡ್ತಾಳ. ನನ್ನ ಕೂಡ ಅಲ್ಲ. ಬಾಗಲಾ ನೋಡಿ ಮಾತಾಡ್ತಾಳ. ನಾ ವಖಾರಿಯಿಂದ ಲಗು ಹೋಗಿ ಒಳಗಿನ ಕೋಣ್ಯಾಗ ಕುಂದರತೀನಿ. ಕೇಳ್ತೀನಿ.”

ನಾನು ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟೆ.

“ಆ ಪುಸ್ತಕ ಮುಗದ್ರ ಇದೂ ಮುಗೀತೈತಿ,” ಅಂದರು. “ಮಂದಿ ಹುಚ್ಚು ಅಂತಾರ. ಅನಲಿ. ಮನ್ಯಾಗ ಒಂದು ದನಿ ಇರತೈತಿ.”

ಕೆಳಗೆ ಯಾರೋ ಕೂಗಿದರು. ಅವರು ಮೂಗೊರೆಸಿಕೊಂಡು ಇಳಿದು ಹೋದರು. ಆಮೇಲೆ ನಾನು ಬಹಳ ಹೊತ್ತು ಯೋಚಿಸಿದೆ. ಅವರ ಮನೆಯಲ್ಲಿ ಎರಡು ಮೌನಗಳಿದ್ದವು. ಒಂದು ಈಗ ತಾನೇ ಒಡೆದಿತ್ತು. ಇನ್ನೊಂದು ಅದನ್ನು ಕೇಳುವುದಕ್ಕೆಂದೇ ಮೌನವಾಗಿ ಉಳಿದಿತ್ತು.

*

ಅಕ್ಕುತಾಯಿ ನಾಲ್ಕನೆಯ ಭಾಗ ತಂದ ದಿನ ವಿಠೋಬಾ ಮಾಸ್ತರರು ಪತ್ರಿಕೆ ಓದುತ್ತ ಕುಳಿತಿದ್ದರು. ಕಿಟಕಿಯ ಹತ್ತಿರದ ಬೆಂಚಿನ ಮೇಲೆ ರಾಜಮತಿ ಅಕ್ಕ ಇದ್ದರು. ಆ ವಾರವೆಲ್ಲ ಮಧ್ಯಾಹ್ನ ಬಂದು, ಏನೂ ಕೇಳದೆ ಅಲ್ಲಿ ಕೂತು, ಬಿಸಿಲು ಇಳಿಯುವ ಮುಂಚೆ ಅಡುಗೆಗೆಂದು ಎದ್ದು ಹೋಗುತ್ತಿದ್ದರು. ಅಕ್ಕುತಾಯಿ ಅವರನ್ನು ನೋಡಲಿಲ್ಲ. ಮೆಟ್ಟಿಲ ಮೇಲಿಂದಲೇ ಮಾತು ಶುರುವಾಗಿತ್ತು.

“ಮುಗೀತ ನೋಡ್ರಿ ಮಾಸ್ತರ! ಶೆಡ್ಡಿನ್ಯಾಗ ಒಬ್ಬಾಕಿನೂ ಅಳದಾಕಿ ಇಲ್ಲ. ನಿಮಗ ಎದಿಯಾಗ ಏನ ಐತೆಪಾ, ಮಡುವಿನ ಪಿಶಾಚಿ ಅಂತೀರಿ ಆ ಕೂಸಿಗೆ!”

“ಅರೇ, ಅಳಿಸಿದ ಮ್ಯಾಲ ಪಿಶಾಚಿ ಅಲ್ಲಂತೇನ? ನಾಕನೇ ಭಾಗದಾಗ ಆಕಳಾ ಹೋತು, ಆಳು ಮನಷ್ಯಾ ಹೋದಾ, ಕಡೀಕ ಆ ತಾಯಿನೂ ಮಡುವಿಗಿ ಇಳೀತಾಳ. ಮಗಾ ಆದಾಂವ ತಾಯಿನ್ನ ನೀರಿಗಿ ಎಳೀತಾನೇನ?”

“ಎಳೀಲಿಲ್ರಿ. ತಾನಾಗಿ ಹೋದ್ಳು. ಬರೋಬರ್ ಓದ್ರಿ.”

“ನಾ ಮೂವತ್ತು ವರ್ಷ ಓದಿಸೀನಿ, ನನಗ ಓದೂದು ಕಲಸ್ತಿ?”

“ಕುರ್ಚ್ಯಾಗ ಕಣ್ಣ ಮುಚ್ಚಿ ಓದಿಸೀರಿ.”

ನಾನು ಕೆಮ್ಮಿದೆ. ಇಬ್ಬರೂ ಬೆಂಚಿನ ಕಡೆ ತಿರುಗಿದರು. ಅಕ್ಕುತಾಯಿ ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಮಾಸ್ತರರು ಪತ್ರಿಕೆಯನ್ನು ಮಡಚತೊಡಗಿದರು, ಮಡಚುತ್ತಲೇ ಇದ್ದರು.

ರಾಜಮತಿ ಅಕ್ಕನೇ ಕೇಳಿದರು.

“ನೀವಿಬ್ಬರೂ ಓದೀರಿ. ಒಂದ ಹೇಳ್ರಿ. ಹೊಸ್ತಿಲದಾಗ ನಿಂತಾನಲ್ಲ, ಅಂವ ಮಗನ ಹೌದೋ ಅಲ್ಲೋ?”

“ಹೌದ ಅಕ್ಕಾ,” ಅಂದಳು ಅಕ್ಕುತಾಯಿ, ಉಸಿರು ಬಿಡದೆ. “ಮಗನ. ತಾಯಿ ಬಡಿಸಿದ್ಳು, ಅಂವ ಹೊಟ್ಟಿ ತುಂಬ ಉಂಡ. ದೆವ್ವ ತಾಯಿ ಕೈ ಅನ್ನ ಉಣತೈತೇನು? ಅಷ್ಟರ ಮ್ಯಾಲ ತಿಳೀತೈತಲ್ಲ.”

“ತಂಗೀ,” ಅಂದರು ಮಾಸ್ತರರು, ದನಿ ತಗ್ಗಿಸಿ. “ಅಂವ ಉಂಡದ್ದು ಮನಷ್ಯಾರು ಉಣ್ಣೂವಷ್ಟಲ್ಲ. ಮನಿ ಮಂದಿದೆಲ್ಲಾ ಅಂವನ ಉಂಡ. ಮತ್ತ ಬೇಡಿದ. ಅದರ ಮ್ಯಾಲ ನನಗ ತಿಳೀತು, ಮಗಾ ಅಲ್ಲಂತ. ಪುಸ್ತಕದ ಮಾತು ಇದು. ಮನಸಿಗಿ ಹಚ್ಕೋಬ್ಯಾಡ.”

“ಉಂಡನೇನು?” ಅಂದರು ರಾಜಮತಿ ಅಕ್ಕ.

“ಹೌದು.”

“ಕತ್ತಲಾಗಿತ್ತಲ್ಲ.”

ಅಕ್ಕುತಾಯಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಕೈ ಬಾಯಿಗೆ ಹೋಯಿತು. ಮಾಸ್ತರರಿಗೆ ತಮ್ಮ ಮನೆಯ ಚುರಮುರಿಯ ತಟ್ಟೆ ನೆನಪಾಯಿತೆಂದು ಕಾಣುತ್ತದೆ. ತಲೆ ಬಗ್ಗಿಸಿದರು.

“ಅಕ್ಕಾ, ಅವರು ದೇಸಗತ್ತಿ ಮಂದಿ,” ಅಂದಳು ಅಕ್ಕುತಾಯಿ. “ಆ ಹುಡುಗ್ಗ ಯಾವಾಗಿದ್ರೂ ಉಣ್ಣೂ ರೂಢಿ. ಅಂವಂದು ಅಂವಗ, ನಿಮ್ಮ ಹುಡುಗಂದು ನಿಮಗ. ಕತಿನ್ನ ಮನಿಗಿ ಯಾಕ ಹಚ್ಚತೀರಿ?”

ರಾಜಮತಿ ಅಕ್ಕ ಎದ್ದು ಮೇಜಿನ ಹತ್ತಿರ ಬಂದರು. ಪುಸ್ತಕ ನನ್ನ ಕೈಗೂ ಅವರ ಕೈಗೂ ಒಂದೇ ದೂರದಲ್ಲಿತ್ತು. ದಾದಾಸಾಹೇಬರು ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು. ಕೆಳಗೆ ಅವರು ಯಾವುದೋ ತೂಕವನ್ನು ಗಟ್ಟಿಯಾಗಿ ಹೇಳುತ್ತಿರುವುದೂ ಕೇಳುತ್ತಿತ್ತು. ಆದರೆ ಆಕೆಯ ಮುಖ ನೋಡಿದ ಮೇಲೆ ಪುಸ್ತಕವನ್ನು ಎಳೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ತಾಟಿನ ಮುಂದೆ ದಿನಾ ಕೂರುವವರು ಅವರು. ತಿಳಿಯಬೇಕಾದದ್ದು ಅವರಿಗೆ.

ಅವರು ಕೆಂಪು ರಟ್ಟು ತೆರೆದು, ಸೀನಿ, ನಿಂತಲ್ಲೇ ಮೊದಲ ಪುಟ ಓದಿದರು. ಆ ಪುಟ ನನಗೂ ಗೊತ್ತಿತ್ತು. ತಾಯಿ ಆರಿದ ಒಲೆಯನ್ನು ಮತ್ತೆ ಹೊತ್ತಿಸುತ್ತಾಳೆ. ದೀಪವನ್ನು ಹತ್ತಿರ ಸರಿಸುತ್ತಾಳೆ. ಹುಡುಗ ತಲೆ ಎತ್ತದೆ ಉಣ್ಣುತ್ತಾನೆ, ಅವನ ಕೂದಲಿನಿಂದ ನೀರು ಅನ್ನಕ್ಕೆ ತೊಟ್ಟಿಕ್ಕುತ್ತದೆ. “ಇನ್ನಷ್ಟು” ಅನ್ನುತ್ತಾನೆ. ರಾಜಮತಿ ಅಕ್ಕ ಓದಿ ಮುಗಿಸಿ ಹಾಳೆ ತಿರುವಲಿಲ್ಲ. ಮತ್ತೆ ಮೇಲಿನಿಂದ ಅದೇ ಪುಟ ಓದಿದರು. ಆಮೇಲೆ ಮುಚ್ಚಿ ಮೇಜಿನ ಮೇಲಿಟ್ಟು, ರಟ್ಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

“ಒಯ್ರಿ ಅಕ್ಕಾ,” ಅಂದೆ. “ಪೂರಾ ಓದಿ ಕೊಡ್ರಿ.”

“ಬ್ಯಾಡ. ಇಷ್ಟ ಸಾಕು.” ದನಿಯಲ್ಲಿ ಅಳುವಿರಲಿಲ್ಲ. “ಬರಾವ್ರು ಹಿಂಗ ಬರ್ತಾರ. ಕತ್ತಲಾದ ಮ್ಯಾಲ ಬರ್ತಾರ, ಉಣ್ತಾರ. ನಮ್ಮಾಂವ ಉಣ್ಣಾಂವ ಅಲ್ಲ.” ಮೆಟ್ಟಿಲಿನ ಕಡೆ ತಿರುಗಿ ಹೇಳಿದರು, “ಹಂಗಾದ್ರ ಅಂವ ಬರಾಂವನೂ ಅಲ್ಲ.”

ಮೆಟ್ಟಿಲಿಳಿದು ವಖಾರಿಯ ನಡುವೆ, ಗಂಡನ ತಕ್ಕಡಿಯ ಪಕ್ಕದಲ್ಲೇ ನಡೆದು ಹೋದರು. ಮಾಸ್ತರರು ಪತ್ರಿಕೆ ಕೆಳಗಿಟ್ಟು, “ನಾ ಅಲ್ಲ ಅನಬಾರದಿತ್ತು,” ಅಂದರು. “ನಾ ಹೌದು ಅನಬಾರದಿತ್ತು,” ಅಂದಳು ಅಕ್ಕುತಾಯಿ. ಆ ಪುಸ್ತಕದ ವಿಷಯದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದೇ ಸಲ.

*

ಆ ಸಂಜೆ ಹೊಸ್ತಿಲಲ್ಲಿ ತಾಟು ಇರಲಿಲ್ಲ. ಬಾಗಿಲು ಮುಚ್ಚಿತ್ತು. ಎದುರು ಗೋಡೆಯ ಬಿಸಿಲು ಎಂದಿನಂತೆ ಹಂಚಿಗೇರಿ ಹೋಯಿತು. ನಾನು ಕಿವಿಗೊಟ್ಟೆ. ಒಳಗೆ ಪಾತ್ರೆಯ ಸದ್ದೂ ಇರಲಿಲ್ಲ. ಓಣಿಯವರಿಗೆ ಸಮಾಧಾನವಾಯಿತು. ಮಕ್ಕಳು ಮತ್ತೆ ಕತ್ತಲಾಗುವ ತನಕ ಆಡತೊಡಗಿದರು. ಸಾಹುಕಾರರು, “ಶಾಣ್ಯಾಕಿ ಆದ್ಳು ಪಾಪ, ಎಲ್ಲಾ ಬರೋಬರ್ ಆತು,” ಅಂದರು.

ದಾದಾಸಾಹೇಬರು ವಖಾರಿಯಿಂದ ಬೇಗ ಹೋಗುವುದನ್ನು ಬಿಟ್ಟರು. ಆಳುಗಳು ಹೋದ ಮೇಲೂ ತೂಕದ ಕಲ್ಲುಗಳನ್ನು ಒರೆಸುತ್ತ, ದೊಡ್ಡದರಿಂದ ಸಣ್ಣದಕ್ಕೆ ಜೋಡಿಸುತ್ತ ಕೂರುತ್ತಿದ್ದರು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹಗುರವಾಗುತ್ತಿತ್ತು.

ಹೋಳಿ ಹುಣ್ಣಿಮೆ ಕಳೆದ ಮೇಲೆ ಒಂದು ದಿನ, ಬೆಳಕು ಇನ್ನೂ ಚೆನ್ನಾಗಿರುವಾಗಲೇ, ಅವರು ಮಾಳಿಗೆ ಹತ್ತಿ ಬಂದರು.

“ಮಾಮಾ, ಅವತ್ತ ಅಕ್ಕಾ ತಾವ ತಗೊಂಡು—”

“ಗೊತ್ತೈತಿ.” ಕೈ ಎತ್ತಿ ತಡೆದರು. “ಮೂರನೇದು ಐತೇನು?”

ಕೊಟ್ಟೆ. ಅವರು ಮೊದಲ ಪುಟ ನೋಡಲಿಲ್ಲ. ನೇರ ಕೊನೆಗೆ ಹೋದರು. ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಅಲುಗಿಸುತ್ತ ಕೊನೆಯ ಸಾಲು ಓದಿದರು. ಹೆಬ್ಬೆರಳಿನಿಂದ ಹೊಲಿಗೆಯನ್ನು ಸವರಿದರು.

“ಇಲ್ಲಿ ಮುಳ್ಳು ನಿಂತಿತ್ತು,” ಅಂದರು. “ಇನ್ನೊಂದು ಹಾಳಿ ಇದಕ್ಕ ಸೇರಿಸಿದ್ದೆ. ಈ ಕಡೆ ಜಗ್ಗಿತು. ಅದಕ್ಕ ತಗದು ನಾಕನೇದಕ್ಕ ಹಾಕಿದೆ.”

ನಾನು ಆ ಹಾಳೆಯನ್ನು ನೆನೆದೆ. ಒಂದು ಹಾಳೆಯ ತೂಕ ಎಷ್ಟಿದ್ದೀತು? ಅದು ಇತ್ತಲೇ ಉಳಿದಿದ್ದರೆ ರಾಜಮತಿ ಅಕ್ಕ ಆ ಹುಡುಗ ಉಣ್ಣುವುದನ್ನು ಮನೆಯಲ್ಲೇ ಓದಿ ಪುಸ್ತಕ ಮುಚ್ಚುತ್ತಿದ್ದರು. ತಾಟು ಹೊಸ್ತಿಲಿಗೆ ಬರುತ್ತಲೇ ಇರಲಿಲ್ಲ. ಆ ಸಂಜೆಗಳೂ ಇರುತ್ತಿರಲಿಲ್ಲ, ಆ ದನಿಯೂ. ಅವರು ಅದನ್ನೇ ಯೋಚಿಸುತ್ತಿದ್ದರೋ ಏನೋ. ಪಶ್ಚಾತ್ತಾಪವೋ ಸಮಾಧಾನವೋ ಆ ಕಂದು ರೆಪ್ಪೆಗಳ ಕೆಳಗೆ ಕಾಣಲಿಲ್ಲ.

“ನಾಕನೇದೂ ಕೊಡಲ್ರಿ?” ಅಂದೆ.

“ನಾಕನೇದು ಬ್ಯಾಡ,” ಅಂದು ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಇಳಿದರು.

ಸಂಜೆ ಓಣಿಗೆ ಬಂದಾಗ ಅವರ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಒಂದು ದನಿ ಬರುತ್ತಿತ್ತು. ಗಂಡಸಿನ ದನಿ. ಅಕ್ಷರಕ್ಕೆ ಅಕ್ಷರ ಕೂಡಿಸಿ, ಒಂದೊಂದು ಪದವನ್ನು ತೂಗಿ ಇಡುವ ಹಾಗೆ ಓದುವ ದನಿ. ಹುಡುಗ ಹೊರಗಿನ ಬಾಗಿಲು ದಾಟಿದ್ದ. ನಡುಮನೆ ದಾಟುವುದರಲ್ಲಿದ್ದ. ಕೇಳುವವರು ಒಳಗಿದ್ದರೋ ಇಲ್ಲವೋ ತಿಳಿಯಲಿಲ್ಲ. ಹೂಂಗುಟ್ಟುವ ಸದ್ದು ಇರಲಿಲ್ಲ. ಎದುರು ಗೋಡೆಯ ಬಿಸಿಲು ಹೋದ ಕೂಡಲೇ, ಮಾತಿನ ನಡುವೆಯೇ, ಓದು ನಿಂತಿತು. ಒಳಗೆ ಯಾರೂ ದೀಪ ಹಚ್ಚಲಿಲ್ಲ.

ಆ ಭಾಗ ವಾಚನಾಲಯಕ್ಕೆ ಮರಳಿ ಬರಲಿಲ್ಲ. ನಾನು ಕೇಳಲಿಲ್ಲ. ಹೊಸದಾಗಿ ‘ಮಡುವಿನ ವಾಡೆ’ ಹಿಡಿದವರು ಎರಡರಿಂದ ನಾಲ್ಕಕ್ಕೆ ಹಾರತೊಡಗಿದರು. ಏಳು ತಲೆಮಾರು ಮುಗಿಯುತ್ತಿದ್ದ ಹಾಗೆಯೇ ಹುಡುಗ ಅಡುಗೆಮನೆಯಲ್ಲಿ ಕೂತು ಉಣ್ಣುತ್ತಿರುತ್ತಿದ್ದ. ಅವನು ಯಾವಾಗ ಬಂದ, ಯಾವ ಬಾಗಿಲಿಂದ ಬಂದ, ಯಾರಿಗೂ ತಿಳಿಯುತ್ತಿರಲಿಲ್ಲ. ಕೆಲವರು ಹೀಗೇ ಚೆನ್ನಾಗಿದೆ, ಭಯ ಹೆಚ್ಚು ಅಂದರು. ಕೆಲವರು ತಲೆಬುಡ ತಿಳಿಯುವುದಿಲ್ಲ ಅಂದರು. ವಿಠೋಬಾ ಮಾಸ್ತರರನ್ನು ಕೇಳಿದರೆ ಅವರು ಪತ್ರಿಕೆಯಿಂದ ತಲೆ ಎತ್ತುತ್ತಿರಲಿಲ್ಲ.

ಮಳೆಗಾಲ ಹಿಡಿಯುವ ಮುಂಚೆ ಒಬ್ಬ ಹೊಸ ಓದುಗ, ಪೋಸ್ಟಿನಲ್ಲಿ ಕೆಲಸಕ್ಕೆ ಬಂದವನು, ಎರಡನೆಯ ಭಾಗ ಮರಳಿಸಿ ಕಪಾಟನ್ನು ಮೇಲಿಂದ ಕೆಳಗೆ ಹುಡುಕಿದ.

“ಮೂರನೇದು ಎಲ್ಲೈತ್ರಿ? ಕಳದೈತೇನು?”

“ಇಲ್ರಿ,” ಅಂದೆ. “ಓದಾಕ ಹೋಗೈತಿ.”